ಬೀರುವಿನಲ್ಲಿರುವ ಪಿಎಚ್‌ಡಿ ಮತ್ತು ವಿಧಾನಸೌಧದ ಕಡತ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ವಯಸ್ಸು 42. 2009ರಲ್ಲಿ ಕೆಲಸಕ್ಕೆ ಸೇರಿದೆ. ಹಾಸನದ ಆಲೂಗಡ್ಡೆ ಮಾರುಕಟ್ಟೆಯ ಮೇಲೆ ಪಿಎಚ್‌ಡಿ ಮಾಡಿದ್ದೇನೆ. ಆ ಪ್ರಬಂಧ ಈಗ ಬೀರುವಿನಲ್ಲಿದೆ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು ಸರ್ಕಾರದ ಸಲಹೆಗಾರರು, ಆಯೋಗದ ಅಧ್ಯಕ್ಷರು, ಮಂತ್ರಿಗಳು ಆದದ್ದನ್ನು ಓದುತ್ತಿರುತ್ತೇನೆ. ಆದರೆ ಅದು ಹೇಗೆ ಆಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಅರ್ಜಿ ಹಾಕಬೇಕಾ, ಯಾರಾದರೂ ಕರೆಯಬೇಕಾ? ದೊಡ್ಡವರ ಪರಿಚಯ ಇಲ್ಲದ ನನ್ನಂಥವರಿಗೆ ದಾರಿ ಇದೆಯಾ? ಹೋದರೆ ಈಗಿನ ಕೆಲಸ, ಪಿಂಚಣಿ ಏನಾಗುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀವು ಕೇಳಿದ ಪ್ರಶ್ನೆಗಳಲ್ಲ. "ಆ ಪ್ರಬಂಧ ಈಗ ಬೀರುವಿನಲ್ಲಿದೆ" ಅನ್ನುವ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ನಾನು ಚಿಕ್ಕಮಗಳೂರಿನವನು. ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿ ನಿವೃತ್ತನಾಗಿದ್ದೇನೆ. ನಡುವೆ ಮೂರು ವರ್ಷ ಬೆಂಗಳೂರಿನ ಒಂದು ಇಲಾಖೆಗೆ ನಿಯೋಜನೆ ಮೇಲೆ ಹೋಗಿದ್ದೆ. ನನ್ನದು ದೊಡ್ಡ ಹುದ್ದೆ ಆಗಿರಲಿಲ್ಲ. ದೊಡ್ಡ ಹುದ್ದೆಯವರ ಪಕ್ಕದ ಕೋಣೆ ಅಷ್ಟೇ. ಆದರೆ ಪಕ್ಕದ ಕೋಣೆಯಲ್ಲಿ ಕೂತವನಿಗೆ ಯಾರು ಒಳಗೆ ಬರುತ್ತಾರೆ, ಯಾಕೆ ಬರುತ್ತಾರೆ, ಯಾರು ವಾಪಸ್ ಹೋಗುತ್ತಾರೆ ಅನ್ನುವುದು ಚೆನ್ನಾಗಿ ಕಾಣಿಸುತ್ತದೆ.

ಈ ವಿಷಯ ಬಂದಾಗ ಎಲ್ಲರೂ ರಾಧಾಕೃಷ್ಣನ್ ಅವರ ಹೆಸರು ಹೇಳುತ್ತಾರೆ. 1918ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು, 1921ರಲ್ಲಿ ಕಲ್ಕತ್ತಾಗೆ ಹೋದರು, 1949ರಲ್ಲಿ ಮಾಸ್ಕೋದಲ್ಲಿ ರಾಯಭಾರಿ, 1952ರಲ್ಲಿ ಉಪರಾಷ್ಟ್ರಪತಿ, 1962ರಲ್ಲಿ ರಾಷ್ಟ್ರಪತಿ. ಸಾರೋಟಿನ ಕುದುರೆ ಬಿಚ್ಚಿ ವಿದ್ಯಾರ್ಥಿಗಳೇ ಎಳೆದುಕೊಂಡು ಸ್ಟೇಷನ್ನಿಗೆ ಬಿಟ್ಟರು ಅನ್ನುವ ಕಥೆಯನ್ನು ಪ್ರತಿ ಸೆಪ್ಟೆಂಬರ್ 5ರಂದು ಕೇಳಿ ಕೇಳಿ ನಿಮಗೂ ಬಾಯಿಪಾಠ ಆಗಿರುತ್ತದೆ. ಕಥೆ ಚೆನ್ನಾಗಿದೆ. ಆದರೆ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಆ ಕಾಲ ಬೇರೆ, ಆ ಮನುಷ್ಯರೂ ಬೇರೆ. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಹೊರಗೆ ತೋರಿಸಲು ಒಂದು ಗೌರವದ ಮುಖ ಬೇಕಿತ್ತು.

ನೀವು ನೋಡಬೇಕಾದದ್ದು ಡಿ.ಎಂ. ನಂಜುಂಡಪ್ಪ ಅವರನ್ನು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದವರು. ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರಾದರು, ಯೋಜನಾ ಇಲಾಖೆಯ ಕಾರ್ಯದರ್ಶಿಯಾದರು. ಧಾರವಾಡಕ್ಕೂ ಬೆಂಗಳೂರಿಗೂ ಕುಲಪತಿಯಾದರು. ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾದರು. ಗಮನಿಸಿ, ಇದು ಒಂದೇ ದಿಕ್ಕಿಗೆ ಹತ್ತಿದ ಮೆಟ್ಟಿಲಲ್ಲ. ವಿಶ್ವವಿದ್ಯಾಲಯಕ್ಕೂ ವಿಧಾನಸೌಧಕ್ಕೂ ನಡುವೆ ಓಡಾಡಿದ ದಾರಿ.

2000ದಲ್ಲಿ ಸರ್ಕಾರ ಪ್ರಾದೇಶಿಕ ಅಸಮತೋಲನದ ಬಗ್ಗೆ ಉನ್ನತಾಧಿಕಾರ ಸಮಿತಿ ಮಾಡಿ ಅವರ ಕೈಗೆ ಕೊಟ್ಟಿತು. 2002ರ ಜೂನ್‌ನಲ್ಲಿ ವರದಿ ಬಂತು. ಆಗ ರಾಜ್ಯದಲ್ಲಿ 175 ತಾಲ್ಲೂಕುಗಳಿದ್ದವು. 35 ಅಳತೆಗೋಲು ಇಟ್ಟು ಪ್ರತಿ ತಾಲ್ಲೂಕಿಗೂ ಒಂದು ಅಂಕ ಕೊಟ್ಟರು. 114 ತಾಲ್ಲೂಕು ಹಿಂದುಳಿದಿವೆ ಅಂದರು. ಅದರಲ್ಲೂ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ ಬೇಕು ಅಂತ ಲೆಕ್ಕ ಹಾಕಿ ಕೊಟ್ಟರು. 2007–08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಅಂತ ಅದಕ್ಕೆ ಹಣ ಇಡಲು ಶುರುವಾಯಿತು.

ಹಣ ಪೂರ್ತಿ ಖರ್ಚಾಯಿತಾ, ಹೋಗಬೇಕಾದ ಕಡೆಗೇ ಹೋಯಿತಾ ಅನ್ನುವುದು ಬೇರೆ ಜಗಳ. ನಾನು ಹೇಳಬೇಕೆಂದಿರುವುದು ಇನ್ನೊಂದು. ಇಷ್ಟು ವರ್ಷ ಆದ ಮೇಲೂ ಶಾಸಕರು ಸದನದಲ್ಲಿ ಎದ್ದು "ನಂಜುಂಡಪ್ಪ ವರದಿಯಲ್ಲಿ ನಮ್ಮ ತಾಲ್ಲೂಕು ಇಂಥ ಪಟ್ಟಿಯಲ್ಲಿದೆ" ಅನ್ನುತ್ತಾರೆ. ಯಾಕೆ? ಹಿಂದುಳಿದಿರುವಿಕೆಯ ಬಗ್ಗೆ ಅದಕ್ಕಿಂತ ಮೊದಲು ಪಾಂಡಿತ್ಯದ ಲೇಖನಗಳು ಬೇಕಾದಷ್ಟು ಬಂದಿದ್ದವು. ಆದರೆ ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಅಂಕಿ, ಅದರ ಮುಂದೆ ಇಷ್ಟು ದುಡ್ಡು ಅಂತ ಪಟ್ಟಿ ಮಾಡಿ ಕೊಟ್ಟರೆ ಅದು ಕಡತದೊಳಗೆ ಕೂರುತ್ತದೆ. ಗುಮಾಸ್ತರಿಗೂ ಅರ್ಥವಾಗುತ್ತದೆ, ಮಂತ್ರಿಗೂ ಅರ್ಥವಾಗುತ್ತದೆ, ಎದುರು ಪಕ್ಷದವರಿಗೂ ಅರ್ಥವಾಗುತ್ತದೆ. ಇಂಥ ಪಟ್ಟಿ ಮಾಡಿಕೊಡಬಲ್ಲ ಮೇಷ್ಟ್ರನ್ನು ಸರ್ಕಾರ ಮತ್ತೆ ಮತ್ತೆ ಕರೆಯುತ್ತದೆ. ಈಚೆಗೆ ಇದೇ ಅಸಮತೋಲನದ ಬಗ್ಗೆ ಹೊಸ ಸಮಿತಿ ಆದಾಗಲೂ ಕರೆ ಹೋದದ್ದು ಒಬ್ಬ ಅರ್ಥಶಾಸ್ತ್ರಜ್ಞರಿಗೇ, ಎಂ. ಗೋವಿಂದರಾವ್ ಅವರಿಗೆ. ಅವರು ಅದಕ್ಕೆ ಮೊದಲು 14ನೇ ಹಣಕಾಸು ಆಯೋಗದ ಸದಸ್ಯರಾಗಿದ್ದವರು.

ಅಂದರೆ ಸರ್ಕಾರದ ಮನೆಪಾಠವನ್ನು ಸರ್ಕಾರ ಕೇಳುವ ಮೊದಲೇ ಮಾಡಿಟ್ಟುಕೊಂಡವರು ಒಳಗೆ ಹೋಗುತ್ತಾರೆ. ನಾನು ನೋಡಿದ ಮಟ್ಟಿಗೆ ದಾರಿಯ ಗುಟ್ಟು ಮುಕ್ಕಾಲು ಪಾಲು ಇಷ್ಟೇ. ಉಳಿದ ಕಾಲು ಪಾಲಿನ ಬಗ್ಗೆ ಮುಂದೆ ಹೇಳುತ್ತೇನೆ, ಅದು ಅಷ್ಟು ಚೆನ್ನಾಗಿಲ್ಲ.

ಮನಮೋಹನ್ ಸಿಂಗ್ ಅವರ ದಾರಿಯನ್ನು ಇದೇ ಕಣ್ಣಿನಿಂದ ನೋಡಿ. ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು. ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡಿದ್ದು ಭಾರತದ ರಫ್ತಿನ ಬಗ್ಗೆ. ಆಗ ದೇಶಕ್ಕೆ ವಿದೇಶಿ ವಿನಿಮಯದ ಬರ. ರಫ್ತನ್ನು ಹೇಗೆ ಹೆಚ್ಚಿಸುವುದು ಅಂತ ಸರ್ಕಾರಕ್ಕೇ ತಲೆನೋವು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರನ್ನು 1971ರಲ್ಲಿ ವಿದೇಶ ವ್ಯಾಪಾರ ಸಚಿವಾಲಯ ಆರ್ಥಿಕ ಸಲಹೆಗಾರರಾಗಿ ಕರೆಯಿತು. ರಫ್ತಿನ ಬಗ್ಗೆ ಬರೆದವರನ್ನು ವ್ಯಾಪಾರದ ಖಾತೆ ಕರೆದದ್ದು, ಲೆಕ್ಕ ಸರಿಹೋಯಿತಲ್ಲ? 1972ರಲ್ಲಿ ಮುಖ್ಯ ಆರ್ಥಿಕ ಸಲಹೆಗಾರ, 1982ರಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್. 1991ರ ಮೊದಲ ಭಾಗದಲ್ಲಿ ಯುಜಿಸಿ ಅಧ್ಯಕ್ಷರ ಕುರ್ಚಿಯಲ್ಲಿದ್ದರು, ಜೂನ್‌ನಲ್ಲಿ ಹಣಕಾಸು ಮಂತ್ರಿ. ಎಲ್ಲರಿಗೂ ಆ ಜೂನ್ ತಿಂಗಳ ಫೋನ್ ಕರೆ ಮಾತ್ರ ನೆನಪಿರುತ್ತದೆ. ಅದರ ಹಿಂದೆ ಇಪ್ಪತ್ತು ವರ್ಷದ ಕಡತದ ಕೆಲಸ ಇತ್ತು.

ವಿ.ಕೆ.ಆರ್.ವಿ. ರಾವ್ ಅವರದ್ದೂ ಇದೇ ಕಥೆ. ರಾಷ್ಟ್ರೀಯ ಆದಾಯ ಎಷ್ಟು ಅಂತ ಬ್ರಿಟಿಷರ ಕಾಲದಲ್ಲೇ ಲೆಕ್ಕ ಹಾಕಲು ಕೂತವರು. 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿ ಆದಾಗ ಮಹಲನೋಬಿಸ್ ಅಧ್ಯಕ್ಷರು, ರಾವ್ ಸದಸ್ಯರು. ಆಮೇಲೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿ, ಯೋಜನಾ ಆಯೋಗದ ಸದಸ್ಯ. 1967ರಲ್ಲಿ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಕೇಂದ್ರ ಮಂತ್ರಿಯಾದರು. ಅಧಿಕಾರ ಮುಗಿದ ಮೇಲೆ ಸುಮ್ನೆ ಕೂರಲಿಲ್ಲ. 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಅನ್ನುವ ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆ ಕಟ್ಟಿದರು.

ಇವರೆಲ್ಲ ಆಕ್ಸ್‌ಫರ್ಡು, ಕೇಂಬ್ರಿಡ್ಜು ಅಂತ ನೀವು ಹೇಳಬಹುದು. ಸರಿ, ನಿಮ್ಮ ಊರಿನ ಹತ್ತಿರಕ್ಕೇ ಬರೋಣ.

ಆಲೂರು, ಸಕಲೇಶಪುರ ಕಡೆಯ ಆನೆ ಗಲಾಟೆ ನಿಮಗೆ ನಾನು ಹೇಳಬೇಕಿಲ್ಲ. ಅದು ಹೈಕೋರ್ಟಿಗೆ ಹೋಯಿತು. ಕೋರ್ಟು ಆನೆ ಕಾರ್ಯಪಡೆ ಮಾಡಿ ಅದರ ತಲೆಗೆ ಕೂರಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಆರ್. ಸುಕುಮಾರ್ ಅವರನ್ನು. 2012ರಲ್ಲಿ ವರದಿ ಕೊಟ್ಟರು. ಆನೆ ಇರಬೇಕಾದ ಜಾಗ, ಆನೆ ಮನುಷ್ಯ ಇಬ್ಬರೂ ಹೊಂದಿಕೊಂಡಿರಬೇಕಾದ ಜಾಗ, ಆನೆಯನ್ನು ಹಿಡಿದು ಸಾಗಿಸಬೇಕಾದ ಜಾಗ ಅಂತ ಮೂರು ವಲಯ ಮಾಡಿದರು. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಅರಣ್ಯ ಇಲಾಖೆಯ ಅಧಿಕಾರಿ ಅದನ್ನು ಓದಿ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ತಿಳಿದುಕೊಳ್ಳಬಹುದಿತ್ತು.

ಅದೇ ಸಂಸ್ಥೆಯ ಮಾಧವ ಗಾಡ್ಗೀಳ್ ಅವರ ಪಶ್ಚಿಮ ಘಟ್ಟದ ವರದಿಗೆ ಆ ಅದೃಷ್ಟ ಇರಲಿಲ್ಲ. ಸಮಿತಿ ಆದದ್ದು 2010ರಲ್ಲಿ, ವರದಿ ಕೊಟ್ಟದ್ದು 2011ರಲ್ಲಿ. ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಅಂತ ಅವರ ಆಸೆ. ಆದರೆ ಕೇಂದ್ರದ ಪರಿಸರ ಸಚಿವಾಲಯ ಅದನ್ನು ತಿಂಗಳುಗಟ್ಟಲೆ ಹೊರಗೇ ಬಿಡಲಿಲ್ಲ. ಮಾಹಿತಿ ಹಕ್ಕಿನಡಿ ಗುದ್ದಾಡಿದ ಮೇಲೆ 2012ರಲ್ಲಿ ಹೊರಬಂತು. ಅಷ್ಟರಲ್ಲಿ ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ವರದಿಗಿಂತ ಮೊದಲೇ ಭಯ ಬಂದು ಕೂತಿತ್ತು. ನಮ್ಮ ಮನೆಯ ಹಿಂದಿನ ಬೀದಿಯಲ್ಲೇ "ಇನ್ನು ಕೊಟ್ಟಿಗೆ ಕಟ್ಟಲೂ ಪರ್ಮಿಷನ್ ಬೇಕಂತೆ" ಅಂತ ಜನ ಮಾತಾಡುತ್ತಿದ್ದರು. ಪುಟ ತಿರುಗಿಸಿದವರು ಒಬ್ಬರೂ ಇರಲಿಲ್ಲ. ವಿದ್ವತ್ತಿನಲ್ಲಿ ಆ ವರದಿ ಯಾವುದಕ್ಕೂ ಕಡಿಮೆ ಇಲ್ಲ ಅಂತ ನನ್ನ ಅಭಿಪ್ರಾಯ. ಮೇಷ್ಟ್ರಾದವರು ಸರ್ಕಾರದ ಜೊತೆ ಕೆಲಸಕ್ಕೆ ಇಳಿದರೆ ಇಂಥದ್ದೂ ಆಗುತ್ತದೆ. ಬರೆಯುವುದು ನಿಮ್ಮ ಕೈಲಿ, ಬಿಡುವುದು ಇನ್ನೊಬ್ಬರ ಕೈಲಿ.

ಈಗ ನಿಮ್ಮ ನೇರ ಪ್ರಶ್ನೆ: ಅರ್ಜಿಯಾ, ಕರೆಯಾ?

ಹೆಚ್ಚಿನ ದೊಡ್ಡ ಹುದ್ದೆಗಳಿಗೆ ಅರ್ಜಿ ನಮೂನೆಯೇ ಇಲ್ಲ. ಕೆಪಿಎಸ್‌ಸಿ ಸದಸ್ಯರನ್ನೇ ತೆಗೆದುಕೊಳ್ಳಿ. ಸರ್ಕಾರ ಹೆಸರು ಕಳಿಸುತ್ತದೆ, ರಾಜ್ಯಪಾಲರು ನೇಮಕ ಮಾಡುತ್ತಾರೆ. ಆರು ವರ್ಷ ಅಥವಾ 62 ವಯಸ್ಸು, ಯಾವುದು ಮೊದಲೋ ಅದು. ಸಂವಿಧಾನದ 316ನೇ ವಿಧಿ ಪ್ರಕಾರ ಸದಸ್ಯರಲ್ಲಿ ಸುಮಾರು ಅರ್ಧದಷ್ಟು ಜನ ಸರ್ಕಾರದಲ್ಲಿ ಕನಿಷ್ಠ 10 ವರ್ಷ ಕೆಲಸ ಮಾಡಿದವರಾಗಿರಬೇಕು. ಸರ್ಕಾರಿ ಕಾಲೇಜಿನ ಮೇಷ್ಟ್ರ ಕೆಲಸವೂ ಸರ್ಕಾರದ ಕೆಲಸವೇ, ಇದನ್ನು ನಮ್ಮವರೇ ಮರೆತಿರುತ್ತಾರೆ. ಆದರೆ 319ನೇ ವಿಧಿಯನ್ನೂ ಓದಿಕೊಳ್ಳಿ. ಒಮ್ಮೆ ಸದಸ್ಯರಾಗಿ ಬಿಟ್ಟ ಮೇಲೆ ಲೋಕಸೇವಾ ಆಯೋಗಗಳ ಹುದ್ದೆ ಬಿಟ್ಟು ಬೇರೆ ಸರ್ಕಾರಿ ಕೆಲಸಕ್ಕೆ ಹೋಗುವ ಹಾಗಿಲ್ಲ. ವಾಪಸ್ ಬಂದು ಪಾಠ ಮಾಡುತ್ತೇನೆ ಅಂದರೆ ಆಗುವುದಿಲ್ಲ. 42ನೇ ವಯಸ್ಸಿನಲ್ಲಿ ಅದು ಒಳ್ಳೆಯ ವ್ಯಾಪಾರ ಅಂತ ನನಗೆ ಅನ್ನಿಸುವುದಿಲ್ಲ.

ಕುಲಪತಿ ಹುದ್ದೆಗೆ ಮಾತ್ರ ಅರ್ಜಿ ಇದೆ. ಶೋಧನಾ ಸಮಿತಿ ಮೂರು ಹೆಸರು ಕೊಡುತ್ತದೆ, ರಾಜ್ಯ ಸರ್ಕಾರದ ಸಹಮತಿ ಪಡೆದು ರಾಜ್ಯಪಾಲರು ಒಬ್ಬರನ್ನು ಆರಿಸುತ್ತಾರೆ, ನಾಲ್ಕು ವರ್ಷದ ಅವಧಿ. ಯುಜಿಸಿಯ 2018ರ ನಿಯಮದಲ್ಲಿ ಪ್ರೊಫೆಸರ್ ಆಗಿ 10 ವರ್ಷದ ಅನುಭವ ಕೇಳಿದ್ದಾರೆ. ಪದವಿ ಕಾಲೇಜಿನಲ್ಲಿರುವವರು ಪ್ರೊಫೆಸರ್ ಅನ್ನಿಸಿಕೊಳ್ಳುವಷ್ಟರಲ್ಲೇ ತಲೆ ಬೆಳ್ಳಗಾಗಿರುತ್ತದೆ. 2023ರಲ್ಲಿ ಹಾಸನಕ್ಕೇ ಒಂದು ವಿಶ್ವವಿದ್ಯಾಲಯ ಬಂದಾಗ ಅದರ ಆವರಣ ಹೇಮಗಂಗೋತ್ರಿ ಕಡೆ ನೋಡಿ ನಮ್ಮ ಎಷ್ಟೋ ಗೆಳೆಯರು ಆಸೆಪಟ್ಟರು. ಆಸೆಗೆ ಖರ್ಚಿಲ್ಲ.

ಇನ್ನು ಕೇಂದ್ರದ ಲ್ಯಾಟರಲ್ ಎಂಟ್ರಿ. 2018ರಲ್ಲಿ 10 ಜಂಟಿ ಕಾರ್ಯದರ್ಶಿ ಹುದ್ದೆಗೆ ಹೊರಗಿನವರಿಂದ ಅರ್ಜಿ ಕರೆದರು. 2024ರ ಆಗಸ್ಟ್‌ನಲ್ಲಿ 45 ಹುದ್ದೆಗೆ ಯುಪಿಎಸ್‌ಸಿ ಜಾಹೀರಾತು ಕೊಟ್ಟು, ಮೀಸಲಾತಿ ಇಲ್ಲ ಅಂತ ಗದ್ದಲವಾಗಿ ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡಿತು. ಅದನ್ನು ನಂಬಿಕೊಂಡು ಕೂರಬೇಡಿ.

ವಿಧಾನ ಪರಿಷತ್ತಿನ ದಾರಿ ಒಂದಿದೆ. 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರ, 7 ಪದವೀಧರರ ಕ್ಷೇತ್ರ. ನೀವು ಮೈಸೂರು, ಮಂಡ್ಯ, ಚಾಮರಾಜನಗರದ ಜೊತೆ ದಕ್ಷಿಣ ಶಿಕ್ಷಕರ ಕ್ಷೇತ್ರದಲ್ಲಿ ಬರುತ್ತೀರಿ. ಚಿಕ್ಕಮಗಳೂರಿನ ನಾವು ಕರಾವಳಿ, ಶಿವಮೊಗ್ಗದವರ ಜೊತೆ ನೈರುತ್ಯ ಕ್ಷೇತ್ರ. ಬೆಂಗಳೂರಿನ ಐಐಎಂನಲ್ಲಿ ಪಾಠ ಮಾಡುತ್ತಿದ್ದ ಬಿ.ಕೆ. ಚಂದ್ರಶೇಖರ್ ಪರಿಷತ್ತಿಗೆ ಬಂದು ಎಸ್.ಎಂ. ಕೃಷ್ಣ ಸಂಪುಟದಲ್ಲಿ ಮಂತ್ರಿಯಾದರು, ಮುಂದೆ ಸಭಾಪತಿಯೂ ಆದರು. ಆದರೆ ಒಂದು ತಮಾಷೆ ಕೇಳಿ. ಈ ಕ್ಷೇತ್ರಗಳಲ್ಲಿ ಮತ ಹಾಕುವವರು ಶಿಕ್ಷಕರು, ಪದವೀಧರರು. ನಿಲ್ಲುವವರು ಹಾಗಿರಬೇಕಿಲ್ಲ. ಪದವೀಧರರ ಕ್ಷೇತ್ರಕ್ಕೆ ಪದವಿ ಇಲ್ಲದವರೂ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಹಾಗಾಗಿ ನಿಮ್ಮ ಎದುರಾಳಿ ಯಾರು ಬೇಕಾದರೂ ಆಗಿರಬಹುದು, ಅವರ ಜೇಬಿನ ಆಳ ನಿಮ್ಮ ಸಂಬಳಕ್ಕೆ ನಿಲುಕದಿರಬಹುದು. ಸರ್ಕಾರಿ ನೌಕರರು ನಿಲ್ಲಬೇಕಾದರೆ ಮೊದಲು ಕೆಲಸ ಬಿಡಬೇಕು. ಸೋತರೆ ಕೆಲಸ ವಾಪಸ್ ಬರುವುದಿಲ್ಲ.

ಉಳಿದದ್ದು ಆಯೋಗ, ಸಮಿತಿ, ಸಲಹೆಗಾರರ ದಾರಿ. ನಿಮಗೆ ಹೊಂದುವುದು ಇದೇ. ನಿಮ್ಮ ವಿಷಯಕ್ಕೆ ಅಳೆದು ಹೊಲಿದ ಹಾಗೆ ಒಂದು ಉದಾಹರಣೆ ಇದೆ. ನಮ್ಮ ರಾಜ್ಯದಲ್ಲಿ ಕೃಷಿ ಬೆಲೆ ಆಯೋಗ ಆದಾಗ ಅದರ ಅಧ್ಯಕ್ಷರಾಗಿ ಬಂದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಪ್ರಕಾಶ್ ಕಮ್ಮರಡಿ. ಬೆಳೆಗೆ ಎಷ್ಟು ಖರ್ಚು, ರೈತನ ಕೈಗೆ ಎಷ್ಟು ಬಂತು ಅನ್ನುವ ಲೆಕ್ಕವೇ ಅಲ್ಲಿನ ಕೆಲಸ. ಅಂಥ ಕಡೆ ಆಲೂಗಡ್ಡೆ ಮಾರುಕಟ್ಟೆ ಗೊತ್ತಿರುವವರು ಬೇಕೇ ಬೇಕು.

ದಾರಿಯ ಕಾಲು ಪಾಲು ಚೆನ್ನಾಗಿಲ್ಲ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೆಸರು ಆರಿಸುವಾಗ ಜಾತಿ ನೋಡುತ್ತಾರೆ, ಜಿಲ್ಲೆ ನೋಡುತ್ತಾರೆ, ಯಾವ ಪಕ್ಷದ ಕಡೆ ವಾಲುತ್ತೀರಿ ಅಂತ ನೋಡುತ್ತಾರೆ. "ಈ ಸಲ ಅವರಿಗೆ ಕೊಟ್ಟಾಯಿತು, ಇವರಿಗೆ ಕೊಡೋಣ" ಅನ್ನುವ ಮಾತು ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. ಇದನ್ನೆಲ್ಲ ನೀವು ಬದಲಿಸಲು ಆಗುವುದಿಲ್ಲ. ಆದರೆ ಒಂದನ್ನು ಗಮನಿಸಿದ್ದೇನೆ. ಇಂಥ ಲೆಕ್ಕಾಚಾರ ಕೆಲಸ ಮಾಡುವುದು ಮೇಜಿನ ಮೇಲೆ ಈಗಾಗಲೇ ಇರುವ ನಾಲ್ಕೈದು ಹೆಸರುಗಳ ನಡುವೆ. ಆ ನಾಲ್ಕೈದರೊಳಗೆ ಬರಲು ಮಾತ್ರ ಯಾರಿಗಾದರೂ ನಿಮ್ಮ ಕೆಲಸ ಗೊತ್ತಿರಬೇಕು. ನಿಮ್ಮ ಜಿಲ್ಲೆಯ ಬಗ್ಗೆ ಯಾರು ಬರೆದಿದ್ದಾರೆ ಅಂತ ಒಬ್ಬ ಉಪಕಾರ್ಯದರ್ಶಿ ಕೇಳಿದಾಗ ಇನ್ನೊಬ್ಬರು ನಿಮ್ಮ ಹೆಸರು ಹೇಳಬೇಕು. ಮಂತ್ರಿಗಳ ಪರಿಚಯಕ್ಕಿಂತ ಈ ಪರಿಚಯ ಜಾಸ್ತಿ ಬಾಳಿಕೆ ಬರುತ್ತದೆ. ಮಂತ್ರಿ ಬದಲಾಗುತ್ತಾರೆ, ಶಾಖಾಧಿಕಾರಿ ಅಲ್ಲೇ ಇರುತ್ತಾರೆ.

ಇದಕ್ಕೆ ಸಣ್ಣ ಬಾಗಿಲುಗಳಿವೆ. 2014ರಲ್ಲಿ ರಾಜ್ಯದ 30 ಜಿಲ್ಲೆಗಳಿಗೂ ಜಿಲ್ಲಾ ಮಾನವ ಅಭಿವೃದ್ಧಿ ವರದಿ ಮಾಡಿದಾಗ ಆಯಾ ಕಡೆಯ ವಿಶ್ವವಿದ್ಯಾಲಯ, ಕಾಲೇಜಿನವರೇ ಅಂಕಿ ಅಂಶ ಹೊತ್ತದ್ದು. ಸರ್ಕಾರದ ಯೋಜನೆಗಳು ಹೇಗೆ ನಡೆದಿವೆ ಅಂತ ಪರೀಕ್ಷೆ ಮಾಡಿಸಲು ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಇದೆ. ಅಲ್ಲಿ ಅಧ್ಯಯನ ಮಾಡಲು ವಿಷಯ ತಿಳಿದವರು ಬೇಕಾಗುತ್ತಾರೆ. ದುಡ್ಡು ಹೆಚ್ಚೇನಿಲ್ಲ, ಓಡಾಟ ಜಾಸ್ತಿ, ಹೆಸರು ವರದಿಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ. ನನ್ನನ್ನು ಬೆಂಗಳೂರಿಗೆ ಕರೆಸಿದ್ದು ಅಂಥದೇ ಒಂದು ಒಳಪುಟ.

ಅಲ್ಲಿ ಮೊದಲ ವಾರವೇ ನನಗೆ ಪೆಟ್ಟು ಬಿತ್ತು. ಒಂದು ವಿಷಯದ ಬಗ್ಗೆ ಟಿಪ್ಪಣಿ ಕೇಳಿದರು. ನಾನು ಮೇಷ್ಟ್ರ ಹಾಗೆ 26 ಪುಟ ಬರೆದೆ. ಹಿನ್ನೆಲೆ, ಸಿದ್ಧಾಂತ, ಯಾರು ಏನಂದರು, ಎಲ್ಲ ಇತ್ತು. ಮೇಲಿನಿಂದ ಕಡತ ಮಾರನೇ ದಿನ ವಾಪಸ್ ಬಂತು. ಅಂಚಿನಲ್ಲಿ ಒಂದೇ ಪದ: "ಚರ್ಚಿಸಿ." ಹೋದೆ. ಆ ಅಧಿಕಾರಿ ನನಗಿಂತ ಹದಿನೈದು ವರ್ಷ ಚಿಕ್ಕವರು. ಕಾಫಿ ತರಿಸಿದರು. "ಮೇಷ್ಟ್ರೇ, ಇದೆಲ್ಲ ಸರಿ. ಮಾಡಬೇಕಾ, ಬೇಡವಾ? ಎಷ್ಟು ದುಡ್ಡು? ಯಾವ ಲೆಕ್ಕಶೀರ್ಷಿಕೆ? ಆರ್ಥಿಕ ಇಲಾಖೆ ಒಪ್ಪದಿದ್ದರೆ ಏನು ಹೇಳಬೇಕು? ಇಷ್ಟು ಹೇಳಿ, ಎರಡು ಪುಟ ಸಾಕು, ಸಂಜೆ ಐದಕ್ಕೆ." ನನಗೆ ಕೋಪ ಬಂತು. ಆದರೆ ಆ ಎರಡು ಪುಟ ಬರೆಯಲು ಕೂತಾಗ ಗೊತ್ತಾಯಿತು, 26 ಪುಟ ಬರೆದವನಿಗೆ "ಮಾಡಬೇಕಾ, ಬೇಡವಾ" ಅನ್ನುವುದಕ್ಕೆ ಉತ್ತರ ಇರಲಿಲ್ಲ.

ಅಲ್ಲಿನ ಭಾಷೆಯೇ ಬೇರೆ. ಕಡತದಲ್ಲಿ ಪ್ರತಿ ಪ್ಯಾರಾಕ್ಕೂ ಒಂದು ಸಂಖ್ಯೆ, ಅದಕ್ಕೆ ಕಂಡಿಕೆ ಅನ್ನುತ್ತಾರೆ. "ಕಂಡಿಕೆ 14ರಲ್ಲಿ ಹೇಳಿರುವಂತೆ" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕಡತ ಕೆಳಗಿನಿಂದ ಶುರುವಾಗುತ್ತದೆ. ಸಹಾಯಕರು, ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪಕಾರ್ಯದರ್ಶಿ, ಕಾರ್ಯದರ್ಶಿ ಅಂತ ಹತ್ತುತ್ತದೆ. ಮೊದಲು ಬರೆದ ಸಹಾಯಕರ ಮೂರು ಸಾಲು ಎಷ್ಟೋ ಸಲ ಕೊನೆಯ ಆದೇಶವನ್ನೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ತರಗತಿಯಲ್ಲಿ ನಾವೇ ರಾಜರು, ಗಂಟೆ ಹೊಡೆಯುವ ತನಕ ಯಾರೂ ತಡೆಯುವುದಿಲ್ಲ. ಕಡತದಲ್ಲಿ ಆರು ಜನ ತಡೆಯುತ್ತಾರೆ. ಅವರಲ್ಲಿ ಇಬ್ಬರಾದರೂ ನಿಮಗಿಂತ ಚೆನ್ನಾಗಿ ವಿಷಯ ತಿಳಿದಿರುತ್ತಾರೆ. ಮೇಷ್ಟ್ರುಗಳು ಅಲ್ಲಿ ಎಡವುವುದು ಬುದ್ಧಿ ಕಡಿಮೆಯಾಗಿ ಅಲ್ಲ, ಇದನ್ನು ಒಪ್ಪಿಕೊಳ್ಳಲು ಆಗದೆ. ನನ್ನ ಜೊತೆ ಬಂದಿದ್ದ ಇನ್ನೊಬ್ಬ ಪ್ರಾಧ್ಯಾಪಕರು ಎಂಟು ತಿಂಗಳಿಗೇ ವಾಪಸ್ ಹೋದರು. ತುಂಬ ಒಳ್ಳೆಯ ವಿದ್ವಾಂಸರು. ಶಾಖಾಧಿಕಾರಿ ತಮ್ಮ ಕನ್ನಡ ತಿದ್ದಿದ್ದು ಅವರಿಗೆ ಕೊನೆಯ ತನಕ ಅರಗಲಿಲ್ಲ.

ಕೆಲಸ, ಪಿಂಚಣಿ ವಿಷಯ. ನಿಯೋಜನೆ ಮೇಲೆ ಹೋದರೆ ನಿಮ್ಮ ಹುದ್ದೆಯ ಹಕ್ಕು, ಅಂದರೆ ಲೀನ್, ಮಾತೃ ಇಲಾಖೆಯಲ್ಲೇ ಇರುತ್ತದೆ, ಜ್ಯೇಷ್ಠತೆಯೂ ಇರುತ್ತದೆ. ಅವಧಿ ಮುಗಿದ ಮೇಲೆ ಕಾಲೇಜು ಶಿಕ್ಷಣ ಇಲಾಖೆಗೆ ವಾಪಸ್ ಬರುತ್ತೀರಿ, ಹಾಸನಕ್ಕೇ ಬರುತ್ತೀರಿ ಅಂತ ಮಾತ್ರ ಹೇಳಲು ಆಗುವುದಿಲ್ಲ. ಹೊರಡುವ ಮೊದಲು ನಿರಾಕ್ಷೇಪಣಾ ಪತ್ರ ಬೇಕು. ಪ್ರಿನ್ಸಿಪಾಲರಿಗೆ ಪಾಠಕ್ಕೆ ಜನ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ, ಅದಕ್ಕೆ ಅವರನ್ನು ಬೈಯಬೇಡಿ. 2006ರ ಏಪ್ರಿಲ್ 1ರ ನಂತರ ಸೇರಿದವರಾದ್ದರಿಂದ ನೀವು ಎನ್‌ಪಿಎಸ್‌ನಲ್ಲಿ, ಅಂದರೆ ತಿಂಗಳ ವಂತಿಗೆ ಕಟ್ಟುವ ಹೊಸ ಪಿಂಚಣಿ ಯೋಜನೆಯಲ್ಲಿ ಇದ್ದೀರಿ. ಖಾತೆ ನಿಮ್ಮ ಜೊತೆಯೇ ಬರುತ್ತದೆ. ಆದರೆ ಹೊಸ ಕಚೇರಿಯಲ್ಲಿ ತಿಂಗಳ ವಂತಿಗೆ ಕಟ್ಟುತ್ತಿದ್ದಾರಾ ಅಂತ ನೀವೇ ನೋಡುತ್ತಿರಬೇಕು. ನನ್ನ ಅಂತಿಮ ವೇತನ ಪತ್ರ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಗಲು ಐದು ತಿಂಗಳು ತೆಗೆದುಕೊಂಡಿತು. ಐದು ತಿಂಗಳು ಸಂಬಳ ಇಲ್ಲದೆ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿದ್ದೇನೆ. ಸೇವಾ ಪುಸ್ತಕದ ಪ್ರತಿ ಪುಟ ಜೆರಾಕ್ಸ್ ಮಾಡಿ ಕೈಯಲ್ಲೇ ಇಟ್ಟುಕೊಳ್ಳಿ. ಸಂಬಳ ಮಾಡುವ ಸರ್ಕಾರಿ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ವರ್ಗಾವಣೆ ಆಗಿದೆಯಾ ಅಂತ ಮೊದಲ ತಿಂಗಳೇ ಕೇಳಿ. ಇನ್ನೊಂದು, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಲು ನಡತೆ ನಿಯಮ ಬಿಡುವುದಿಲ್ಲ. ಅಂಕಿ ಅಂಶ ಇಟ್ಟು ಅಧ್ಯಯನ ಬರೆಯುವುದು ಬೇರೆ, ಭಾಷಣ ಬೇರೆ. ನೀವು ಮೊದಲನೆಯದನ್ನೇ ಮಾಡಿ.

ಈಗ ಬೀರುವಿಗೆ ಬರೋಣ. ಆ ಪ್ರಬಂಧವನ್ನು ಹೊರಗೆ ತೆಗೆಯಿರಿ. ಅರಸೀಕೆರೆ, ಚನ್ನರಾಯಪಟ್ಟಣದ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಇದೆ. ನಿಮ್ಮ ಆಲೂಗಡ್ಡೆಗೆ ಇಲ್ಲ. ಬೆಲೆ ಬಿದ್ದಾಗ ಸರ್ಕಾರವೇ ಕೊಳ್ಳುವ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಅಂತ ಒಂದಿದೆ. ಆದರೆ ಅದರ ಆದೇಶ ಆಗುವಷ್ಟರಲ್ಲಿ ರೈತ ಗೆಡ್ಡೆ ಮಾರಿ ಮುಗಿಸಿರುತ್ತಾನೆ. ಬಿತ್ತನೆ ಗೆಡ್ಡೆ ಜಲಂಧರ್‌ನಿಂದ ಬರಬೇಕು, ಅಂಗಮಾರಿ ಬಂದರೆ ಔಷಧಿ ಹೊಡೆಯಬೇಕು, ಮುಸುಕಿನ ಜೋಳಕ್ಕೆ ಹೋದವರು ವಾಪಸ್ ಬರುತ್ತಿಲ್ಲ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹತ್ತು ವರ್ಷದ ಕೊಯ್ಲಿನ ವಾರಗಳಲ್ಲಿ ಹಾಸನ ಎಪಿಎಂಸಿ ದರ ಎಷ್ಟು ಬಿದ್ದಿದೆ, ಎಕರೆಗೆ ಖರ್ಚು ಎಷ್ಟು, ಯಾವ ದರಕ್ಕಿಂತ ಕೆಳಗೆ ಬಿದ್ದರೆ ಸರ್ಕಾರ ಕೊಳ್ಳಬೇಕು, ಯಾವ ವಾರದೊಳಗೆ ಆದೇಶ ಆಗಬೇಕು, ಅದಕ್ಕೆ ಎಷ್ಟು ದುಡ್ಡು. ನಾಲ್ಕು ಪುಟ, ಕನ್ನಡದಲ್ಲಿ, ಕಂಡಿಕೆ ಸಂಖ್ಯೆ ಹಾಕಿ ಬರೆಯಿರಿ. ಸಿದ್ಧಾಂತದ ಅಧ್ಯಾಯ ಬೀರುವಿನಲ್ಲೇ ಇರಲಿ. ಒಂದು ಪ್ರತಿ ತೋಟಗಾರಿಕೆ ಇಲಾಖೆಯ ಜಿಲ್ಲಾ ಕಚೇರಿಗೆ, ಒಂದು ಜಿಲ್ಲಾಧಿಕಾರಿಗೆ, ಒಂದು ಬೆಲೆ ಆಯೋಗಕ್ಕೆ. ಪ್ರಿನ್ಸಿಪಾಲರ ಮೂಲಕವೇ ಕಳಿಸಿ. ಉತ್ತರ ಬರದೇ ಇರಬಹುದು. ಮುಂದಿನ ವರ್ಷ ಹೊಸ ದರ ಸೇರಿಸಿ ಮತ್ತೆ ಕಳಿಸಿ.

ಮೇ ತಿಂಗಳಲ್ಲಿ ಎಪಿಎಂಸಿಗೆ ಬಿತ್ತನೆ ಗೆಡ್ಡೆಯ ಲಾರಿಗಳು ಬರುವ ಮೊದಲು ಮೊದಲ ಪ್ರತಿ ಅವರ ಮೇಜಿನ ಮೇಲೆ ಇದ್ದರೆ ಚೆನ್ನ. ಕರಡು ಆದ ಮೇಲೆ ನನಗೂ ಕಳಿಸಿ, ಉದ್ದ ಆಗಿದ್ದರೆ ಕತ್ತರಿಸಿ ಕೊಡುತ್ತೇನೆ. ಆ ಕೆಲಸ ಈಗ ನನಗೆ ಚೆನ್ನಾಗಿ ಬರುತ್ತದೆ.